ಟಾಮ್ ಫಿನ್ನಿ ಪ್ರೆಸ್ಟನ್ ಬಿಡಲಿಲ್ಲವೋ, ಬಿಡಲಾಗಲಿಲ್ಲವೋ?

1952ರ ಮೇ ತಿಂಗಳಲ್ಲಿ ಇಂಗ್ಲೆಂಡ್ ಫುಟ್‌ಬಾಲ್ ತಂಡ ಇಟಲಿಯ ಫ್ಲಾರೆನ್ಸ್‌ನಲ್ಲಿ ಆಡಿ 1-1ರಲ್ಲಿ ಸಮ ಮಾಡಿಕೊಂಡಿತು. ಅದರ ಬೆನ್ನಲ್ಲೇ ಇಂಗ್ಲೆಂಡಿನ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವ ಮುಂಚೂಣಿ ಆಟಗಾರ) ಟಾಮ್ ಫಿನ್ನಿಯವರನ್ನು ಸಿಸಿಲಿಯ ಪಲೆರ್ಮೊ ಕ್ಲಬ್ಬಿನ ಅಧ್ಯಕ್ಷ ಮಾತಿಗೆ ಕರೆದ. ಆತ ಲಾಂಝಾ ದಿ ತ್ರಾಬಿಯಾ ಮನೆತನದ ಪ್ರಿನ್ಸ್, ದುಡ್ಡಿಗೆ ಬರವಿಲ್ಲದವನು. ಎರಡು ವರ್ಷ ನಮ್ಮಲ್ಲಿ ಬಂದು ಆಡಿ ಅಂದ. ಸಹಿ ಹಾಕಿದ ಕೂಡಲೇ 10,000 ಪೌಂಡ್, ತಿಂಗಳಿಗೆ 130 ಪೌಂಡ್ ಸಂಬಳ, ಮೇಲೆ ಬೋನಸ್, ಮೆಡಿಟರೇನಿಯನ್ ದಡದಲ್ಲಿ ಬಂಗಲೆ, ಓಡಾಡಲು ಕಾರು.

ಫಿನ್ನಿಗೆ ಆಗ ಮೂವತ್ತು ವರ್ಷ. ಜಗತ್ತಿನ ಅತ್ಯುತ್ತಮ ಫುಟ್‌ಬಾಲಿಗರ ಹೆಸರು ಹೇಳಿ ಎಂದರೆ ಮೊದಲ ನಾಲ್ಕೈದರಲ್ಲಿ ಬರುತ್ತಿದ್ದ ಹೆಸರು. ಅವರ ಸ್ವಂತ ಊರಿನ ಕ್ಲಬ್ ಪ್ರೆಸ್ಟನ್ ನಾರ್ತ್ ಎಂಡ್ ಅವರಿಗೆ ಕೊಡುತ್ತಿದ್ದದ್ದು ವಾರಕ್ಕೆ 14 ಪೌಂಡ್. ಬೇಸಿಗೆಯಲ್ಲಿ ಪಂದ್ಯಗಳಿಲ್ಲದಾಗ ಅದಕ್ಕೂ ಕಡಿಮೆ. ಪಲೆರ್ಮೊ ಸಹಿಗೆಂದು ಕೊಡಲು ಸಿದ್ಧವಿದ್ದ ಮೊತ್ತವೊಂದನ್ನೇ ಪ್ರೆಸ್ಟನ್ ಸಂಬಳದಲ್ಲಿ ದುಡಿಯಬೇಕೆಂದರೆ ಹದಿಮೂರು ವರ್ಷಕ್ಕೂ ಮಿಕ್ಕಿ ಬೇಕಿತ್ತು.

ಊರಿಗೆ ಬಂದ ಫಿನ್ನಿ ವಿಷಯವನ್ನು ಕ್ಲಬ್ಬಿನ ಚೇರ್ಮನ್ ನ್ಯಾಟ್ ಬಕ್ ಮುಂದಿಟ್ಟರು. ಚೇರ್ಮನ್‌ಗೆ ಯೋಚಿಸುವ ಅಗತ್ಯವೇ ಕಾಣಲಿಲ್ಲ. ನಮಗೆ ಆಡದಿದ್ದರೆ ನೀನು ಇನ್ಯಾರಿಗೂ ಆಡುವುದಿಲ್ಲ ಎಂಬರ್ಥದ ಒಂದು ಮಾತು ಹೇಳಿ ಕಳಿಸಿದರು. ಅದು ಗದರಿಕೆಯಾಗಿರಲಿಲ್ಲ, ಕಾನೂನಿನ ಪ್ರಕಾರ ಇದ್ದ ಪರಿಸ್ಥಿತಿಯೇ ಅದು. ಫಿನ್ನಿ ಮರುಮಾತಾಡದೆ ಹೋಗಿ ಮುಂದಿನ ಎಂಟು ವರ್ಷ ಪ್ರೆಸ್ಟನ್‌ಗೇ ಆಡಿ ನಿವೃತ್ತರಾದರು.

ಇಂಗ್ಲೆಂಡಿನಲ್ಲಿ ಈ ಕಥೆಯನ್ನು ನಿಷ್ಠೆಯ ಕಥೆಯಾಗಿ ಹೇಳುವುದು ರೂಢಿ: ಜೀವಮಾನವಿಡೀ ಒಂದೇ ಕ್ಲಬ್, ಒಂದೇ ಊರು, ಮಧ್ಯಾಹ್ನದ ಮೇಲೆ ನಲ್ಲಿ ರಿಪೇರಿ ಕೆಲಸ, ಈಗಿನ ಕೋಟಿಗಳ ಆಟಗಾರರೆಲ್ಲಿ, ಆಗಿನ ಫಿನ್ನಿಯೆಲ್ಲಿ. ಫಿನ್ನಿಗೆ ಊರಿನ ಮೇಲೆ ಪ್ರೀತಿ ಇತ್ತೆನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಬಿಟ್ಟು ಹೋಗುವ ದಾರಿಯೇ ಇಲ್ಲದ ಕಡೆ ಉಳಿದವನ ನಿಷ್ಠೆಯನ್ನು ಅಳೆಯುವುದು ಹೇಗೆ? ಅವರ ಬದುಕು ಅರ್ಥವಾಗಬೇಕಾದರೆ ಗೋಲುಗಳ ಲೆಕ್ಕಕ್ಕಿಂತ ಮೊದಲು ಎರಡು ನಿಯಮಗಳನ್ನು ತಿಳಿದುಕೊಳ್ಳಬೇಕು.

ಮಿತಿ ಮತ್ತು ಬೇಲಿ

ಮೊದಲನೆಯದು ಸಂಬಳದ ಮಿತಿ. ಇಂಗ್ಲೆಂಡಿನಲ್ಲಿ ಹಣ ಕೊಟ್ಟು ಫುಟ್‌ಬಾಲ್ ಆಡಿಸುವುದಕ್ಕೆ ಅಧಿಕೃತ ಒಪ್ಪಿಗೆ ಸಿಕ್ಕಿದ್ದು 1885ರಲ್ಲಿ. ಫುಟ್‌ಬಾಲ್ ಲೀಗ್ ಶುರುವಾದದ್ದು 1888ರಲ್ಲಿ. 1901ರಲ್ಲಿ ಒಂದು ನಿಯಮ ಜಾರಿಗೆ ಬಂತು: ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಕೂಡದು. ಆ ಮಿತಿ ನಿಧಾನವಾಗಿ ಏರಿತು. ಎರಡನೇ ಮಹಾಯುದ್ಧದ ಮುಂಚೆ 8 ಪೌಂಡ್, 1947ರಲ್ಲಿ 12, 1951ರಲ್ಲಿ 14, 1958ರಲ್ಲಿ 20. ಗೆದ್ದರೆ 2 ಪೌಂಡ್, ಸಮವಾದರೆ 1 ಪೌಂಡ್ ಬೋನಸ್. ಇಂಗ್ಲೆಂಡಿನ ಅತಿ ದೊಡ್ಡ ತಾರೆಗೂ ಇದೇ ಮಿತಿ, ಅವನ ಪಕ್ಕ ಆಡುವ ಸಾಧಾರಣ ಆಟಗಾರನಿಗೂ ಇದೇ. ಮಿತಿಯಷ್ಟನ್ನೂ ಕೊಡದ ಕ್ಲಬ್ಬುಗಳು ಬೇಕಾದಷ್ಟಿದ್ದವು.

ಜನ ಬರದೆ ಕ್ಲಬ್ಬುಗಳು ಬಡವಾಗಿದ್ದವು ಅಂದುಕೊಳ್ಳಬೇಡಿ. ಯುದ್ಧ ಮುಗಿದು ಜನಕ್ಕೆ ಮನರಂಜನೆಯ ಹಸಿವಿದ್ದ ಕಾಲ ಅದು. 1948-49ರ ಋತುವೊಂದರಲ್ಲೇ ಲೀಗ್ ಪಂದ್ಯಗಳಿಗೆ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಟಿಕೆಟ್‌ಗಳು ಹೋದವು. ಆ ಜನಸಾಗರವನ್ನು ಕರೆತಂದವರಿಗೆ ಸಿಕ್ಕಿದ್ದು ಮಾತ್ರ ಒಬ್ಬ ಒಳ್ಳೆಯ ಕಾರ್ಖಾನೆ ಕೆಲಸಗಾರನ ಸಂಬಳಕ್ಕಿಂತ ಸ್ವಲ್ಪ ಮೇಲಿನ ಮೊತ್ತ, ಅದೂ ಮೂವತ್ತೈದರ ತನಕ, ಅದೂ ಮೊಣಕಾಲು ಕೈಕೊಡದಿದ್ದರೆ. ಐದು ವರ್ಷ ಸೇವೆ ಮಾಡಿದವನಿಗೆ ಕ್ಲಬ್ 'ಬೆನಿಫಿಟ್' ಹಣ ಕೊಡಬಹುದಿತ್ತು. ತಮಾಷೆಯೆಂದರೆ, ಕ್ರಿಕೆಟಿಗನಿಗೆ ಸಿಗುವ ಬೆನಿಫಿಟ್ ಹಣಕ್ಕೆ ತೆರಿಗೆಯಿಲ್ಲ ಎಂದು 1927ರಲ್ಲೇ ತೀರ್ಪಾಗಿತ್ತು. ಫುಟ್‌ಬಾಲಿಗ ಮಾತ್ರ ತೆರಿಗೆ ಕಟ್ಟಬೇಕಿತ್ತು. ಆ ದೇಶದಲ್ಲಿ ಯಾವ ಆಟ ಯಾವ ವರ್ಗದ್ದು ಎಂಬುದು ತೆರಿಗೆ ಇಲಾಖೆಗೂ ಗೊತ್ತಿತ್ತೆಂದು ಕಾಣುತ್ತದೆ.

ಎರಡನೇ ನಿಯಮ ಇದಕ್ಕಿಂತ ಬಿಗಿಯಾದದ್ದು, ಅರ್ಥವಾಗುವುದಕ್ಕೂ ಸ್ವಲ್ಪ ಕಷ್ಟ. 1890ರ ದಶಕದಿಂದ ಜಾರಿಯಲ್ಲಿದ್ದ ಇದನ್ನು 'ಉಳಿಸಿಕೊಳ್ಳುವ ಮತ್ತು ವರ್ಗಾಯಿಸುವ ಪದ್ಧತಿ' ಅನ್ನಬಹುದು. ಆಟಗಾರನ ಕರಾರು ಸಾಮಾನ್ಯವಾಗಿ ಒಂದು ವರ್ಷದ್ದು. ಆದರೆ ಲೀಗಿನಲ್ಲಿ ಆಡಬೇಕಾದರೆ ಕರಾರಿನ ಜತೆ ನೋಂದಣಿಯೂ ಬೇಕು, ಮತ್ತು ಆ ನೋಂದಣಿ ಕ್ಲಬ್ಬಿನ ಆಸ್ತಿ. ಪ್ರತಿವರ್ಷ ಋತು ಮುಗಿಯುವಾಗ ಕ್ಲಬ್ ಪಟ್ಟಿ ಹಾಕುತ್ತಿತ್ತು: ಇವರನ್ನು ಉಳಿಸಿಕೊಳ್ಳುತ್ತೇವೆ, ಇವರನ್ನು ಮಾರುತ್ತೇವೆ, ಇವರು ಎಲ್ಲಿಗೆ ಬೇಕಾದರೂ ಹೋಗಬಹುದು. 'ಉಳಿಸಿಕೊಳ್ಳುವ' ಪಟ್ಟಿಯಲ್ಲಿ ಹೆಸರಿದ್ದರೆ ಮುಗಿಯಿತು. ಹೊಸ ಕರಾರಿಗೆ ಸಹಿ ಹಾಕದವನಿಗೆ ಸಂಬಳ ನಿಲ್ಲುತ್ತದೆ, ಬೇರೆ ಕ್ಲಬ್ಬಿಗೂ ಸೇರುವಂತಿಲ್ಲ.

ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡಿದವರಿಗೆ ರಿಲೀವಿಂಗ್ ಲೆಟರ್‌ಗಾಗಿ ಎಚ್‌ಆರ್ ಬಾಗಿಲಲ್ಲಿ ನಿಂತ ಅನುಭವ ಇದ್ದೀತು. ಹಳೇ ಕಂಪನಿ ಆ ಪತ್ರವನ್ನು ಜೀವಮಾನಪೂರ್ತಿ ಕೊಡದೇ ಇರಬಹುದು, ಕೊಡದಿರುವಷ್ಟೂ ಕಾಲ ಸಂಬಳವನ್ನೂ ಕೊಡಬೇಕಿಲ್ಲ, ಪತ್ರವಿಲ್ಲದವನನ್ನು ದೇಶದ ಬೇರಾವ ಕಂಪನಿಯೂ ಸೇರಿಸಿಕೊಳ್ಳುವಂತಿಲ್ಲ ಎಂದು ಊಹಿಸಿಕೊಳ್ಳಿ. ಮೇಲಿಂದ ಎಲ್ಲ ಕಂಪನಿಗಳಲ್ಲೂ ಸಂಬಳದ ಮೇಲ್ಮಿತಿ ಒಂದೇ. ಎರಡು ನಿಯಮಗಳು ಒಂದಕ್ಕೊಂದು ಊರುಗೋಲಾಗಿದ್ದದ್ದು ಹೀಗೆ. ಮಿತಿ ಇದ್ದುದರಿಂದ ದೇಶದೊಳಗೆ ಜಾಗ ಬದಲಿಸಿ ದೊಡ್ಡ ಲಾಭವಿರಲಿಲ್ಲ, ಬೇಲಿ ಇದ್ದುದರಿಂದ ಮಿತಿಯಿಲ್ಲದ ದೇಶಕ್ಕೆ ಹೋಗುವಂತಿರಲಿಲ್ಲ. ಇಟಲಿ, ಜಗತ್ತಿನ ಫುಟ್‌ಬಾಲ್ ಆಡಳಿತ ನೋಡುವ ಫಿಫಾದ ಸದಸ್ಯ ದೇಶ, ಹಾಗಾಗಿ ಪ್ರೆಸ್ಟನ್ ಒಪ್ಪದೆ ಪಲೆರ್ಮೊ ಫಿನ್ನಿಯನ್ನು ಮುಟ್ಟುವ ಹಾಗಿರಲಿಲ್ಲ.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಆಟಗಾರರಿಗೆ ಹಣ ಕೊಡುವ ಹಕ್ಕಿಗಾಗಿ ಮೊದಲು ಬಡಿದಾಡಿದ ಕ್ಲಬ್ಬುಗಳಲ್ಲಿ ಪ್ರೆಸ್ಟನ್ನೇ ಮುಂದಿತ್ತು. 1884ರಲ್ಲಿ ಅದರ ಆಡಳಿತ ನೋಡುತ್ತಿದ್ದ ವಿಲಿಯಂ ಸಡೆಲ್, ಹೌದು, ನಮ್ಮ ಆಟಗಾರರಿಗೆ ಊರಿನಲ್ಲಿ ಕೆಲಸ ಕೊಡಿಸಿ ಕರೆತಂದಿದ್ದೇವೆ ಎಂದು ಒಪ್ಪಿಕೊಂಡು, ಆ ತಪ್ಪಿಗೆ ತಂಡ ಇಂಗ್ಲೆಂಡಿನ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್‌ನಿಂದ ಹೊರಬಿದ್ದಿತ್ತು. ಆ ಗಲಾಟೆಯೇ ಮರುವರ್ಷದ ಒಪ್ಪಿಗೆಗೆ ದಾರಿ ಮಾಡಿತು. 1888-89ರ ಮೊಟ್ಟಮೊದಲ ಲೀಗನ್ನು ಪ್ರೆಸ್ಟನ್ ಒಂದೂ ಪಂದ್ಯ ಸೋಲದೆ ಗೆದ್ದುಕೊಂಡಿತು, ಅದೇ ವರ್ಷ ಎಫ್‌ಎ ಕಪ್ಪನ್ನೂ ಗೆದ್ದಿತು. ಅರವತ್ತು ವರ್ಷಗಳಾಚೆ ಅದೇ ಕ್ಲಬ್ಬಿನ ಅತ್ಯುತ್ತಮ ಆಟಗಾರ ತನ್ನ ಬೆಲೆ ಪಡೆಯಲು ಹೊರಟಾಗ ಅದೇ ಕ್ಲಬ್ ಬಾಗಿಲು ಹಾಕಿತು.

ಅಪ್ಪನ ಷರತ್ತು

ಟಾಮ್ ಹುಟ್ಟಿದ್ದು 1922ರ ಏಪ್ರಿಲ್ 5ರಂದು, ಪ್ರೆಸ್ಟನ್‌ನ ಮೈದಾನ ಡೀಪ್‌ಡೇಲ್‌ನಿಂದ ಕೂಗಳತೆಯ ಬೀದಿಯಲ್ಲಿ. ಲ್ಯಾಂಕಶೈರ್ ಸೀಮೆಯ ಈ ಊರು ಹತ್ತಿ ಗಿರಣಿಗಳಿಂದ ಬೆಳೆದದ್ದು. ಹುಡುಗ ಚಿಕ್ಕವನಿದ್ದಾಗಲೇ ತಾಯಿ ತೀರಿಹೋದರು. ಗುಮಾಸ್ತರಾಗಿದ್ದ ಅಪ್ಪ ಆಲ್ಫ್ ಮಕ್ಕಳನ್ನು ಸಾಕಿದರು. ಟಾಮ್ ಕಡ್ಡಿಯಂಥ ಹುಡುಗ, ಮೇಲಿಂದ ಮೇಲೆ ಕಾಯಿಲೆ. ಹದಿನಾಲ್ಕು ವರ್ಷಕ್ಕೂ ಐದು ಅಡಿ ದಾಟಿರಲಿಲ್ಲ. ಅವನ ಆರಾಧ್ಯ ಆಟಗಾರ ಪ್ರೆಸ್ಟನ್‌ನಲ್ಲಿದ್ದ ಅಲೆಕ್ಸ್ ಜೇಮ್ಸ್, ಅವನೂ ಕುಳ್ಳನೇ.

ಆ ಅಲೆಕ್ಸ್ ಜೇಮ್ಸ್ 1929ರಲ್ಲಿ ಆರ್ಸೆನಲ್‌ಗೆ ಹೋದ ಬಗೆಯನ್ನು ಇಲ್ಲೇ ಹೇಳಿಬಿಡಬೇಕು. ಸಂಬಳದ ಮಿತಿ ಎಲ್ಲ ಕಡೆ ಒಂದೇ ಇದ್ದಾಗ ಲಂಡನ್ನಿನ ಕ್ಲಬ್ ಅವನನ್ನು ಸೆಳೆದದ್ದು ಹೇಗೆ? ಸೆಲ್ಫ್ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಆಟದ ಸಾಮಾನುಗಳ ವಿಭಾಗದಲ್ಲಿ ಒಂದು ನೌಕರಿ ಕೊಡಿಸಿ. ಅಂಗಡಿಯ ಸಂಬಳ ಬೇರೆ, ಕ್ಲಬ್ಬಿನ ಸಂಬಳ ಬೇರೆ, ನಿಯಮ ಮುರಿದಂತಾಗಲಿಲ್ಲ. ದೊಡ್ಡ ಊರಿನ ಕ್ಲಬ್ಬಿಗೆ ಇಂಥ ಉಪಾಯಗಳಿಗೆ ಕೊರತೆಯಿರುತ್ತಿರಲಿಲ್ಲ. ನಿಯಮ ಮುರಿದೇ ಮೇಜಿನಡಿ ಕೊಡುವವರೂ ಇದ್ದರು. 1957ರಲ್ಲಿ ಸಂಡರ್ಲೆಂಡ್ ಸಿಕ್ಕಿಬಿದ್ದು 5,000 ಪೌಂಡ್ ದಂಡ ತೆತ್ತಿತು. ಸಿಕ್ಕಿಬೀಳದವರೆಷ್ಟೋ.

ಟಾಮ್‌ಗೆ ಹದಿನಾಲ್ಕಾಗಿದ್ದಾಗ ಪ್ರೆಸ್ಟನ್ ಕ್ಲಬ್ ವಾರಕ್ಕೆ ಎರಡೂವರೆ ಪೌಂಡ್ ಕೊಟ್ಟು ಸೇರಿಸಿಕೊಳ್ಳಲು ಮುಂದಾಯಿತು. ಹುಡುಗನ ಪಾಲಿಗೆ ಸ್ವರ್ಗ ಮೂರು ಗೇಣು. ಅಪ್ಪ ಬೇಡವೆಂದರು. ಮೊದಲು ಪ್ಲಂಬಿಂಗ್ ಕಲಿತು ಮುಗಿಸು, ಆಮೇಲೆ ಆಟ. ಚೆಂಡಾಟದ ಮೇಲೆ ಸಂಸಾರ ನಡೆಯುವುದಿಲ್ಲ ಎಂದು ಆ ಬೀದಿಯ ಯಾವ ಅಪ್ಪನಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮಗ ಒಲ್ಲದ ಮನಸ್ಸಿನಿಂದ ಒಪ್ಪಿದ. ಹಗಲು ಪೈಪು ಜೋಡಿಸುವುದು, ಉಳಿದ ಹೊತ್ತಿನಲ್ಲಿ ಅಭ್ಯಾಸ. ವೃತ್ತಿಪರನಾಗಿ ಸಹಿ ಹಾಕಿದ್ದು 1940ರ ಜನವರಿಯಲ್ಲಿ, ಅಷ್ಟರಲ್ಲಿ ಯುದ್ಧ ಶುರುವಾಗಿ ಲೀಗೇ ನಿಂತುಹೋಗಿತ್ತು.

'ಪ್ರೆಸ್ಟನ್ ಪ್ಲಂಬರ್' ಎಂಬ ಅಡ್ಡಹೆಸರು ಅವರಿಗೆ ಕೊನೆತನಕ ಅಂಟಿಕೊಂಡಿತು. ಇದನ್ನು ಓದುವವರು ಸರಳ ಸಜ್ಜನ ಎಂಬ ಅರ್ಥದಲ್ಲಿ ಓದುತ್ತಾರೆ. ನನಗೆ ಇದು ಲೆಕ್ಕಾಚಾರದ ಹೆಸರಾಗಿ ಕಾಣುತ್ತದೆ. ಬೆಳಗ್ಗೆ ಅಭ್ಯಾಸ ಮುಗಿಸಿ ಮಧ್ಯಾಹ್ನ ಪ್ಲಂಬಿಂಗ್ ಕೆಲಸಕ್ಕೆ ಹೋಗುತ್ತಿದ್ದದ್ದು ಹವ್ಯಾಸಕ್ಕಲ್ಲ. ಸಹೋದರ ಜೋ ಜತೆ ಸೇರಿ ಕಟ್ಟಿದ ಪ್ಲಂಬಿಂಗ್ ಸಂಸ್ಥೆ ನಿವೃತ್ತಿಯ ನಂತರ ಅವರ ಜೀವನಾಧಾರವಾಯಿತು. ಅಪ್ಪನ ಷರತ್ತು ಕಟ್ಟಿಕೊಟ್ಟದ್ದನ್ನು ಇಪ್ಪತ್ತು ವರ್ಷದ ಫುಟ್‌ಬಾಲ್ ಕಟ್ಟಿಕೊಡಲಿಲ್ಲ.

ಟ್ಯಾಂಕಿನಿಂದ ಇಳಿದು

ಯುದ್ಧದ ನಡುವೆಯೂ ಅಲ್ಲಲ್ಲಿ ಪಂದ್ಯಗಳು ನಡೆಯುತ್ತಿದ್ದವು. 1941ರ ಮೇ 10ರಂದು ವೆಂಬ್ಲಿಯಲ್ಲಿ ಯುದ್ಧಕಾಲದ ಕಪ್ ಫೈನಲ್: ಹತ್ತೊಂಬತ್ತರ ಫಿನ್ನಿ ಇದ್ದ ಪ್ರೆಸ್ಟನ್ ಆರ್ಸೆನಲ್ ಎದುರು 1-1ರಲ್ಲಿ ಸಮ ಮಾಡಿಕೊಂಡಿತು. ಅದೇ ರಾತ್ರಿ ಲಂಡನ್ ಮೇಲೆ ಜರ್ಮನರ ಭೀಕರ ಬಾಂಬ್ ದಾಳಿ ನಡೆಯಿತು. ಮರುಪಂದ್ಯವನ್ನು ಬ್ಲ್ಯಾಕ್‌ಬರ್ನ್‌ನಲ್ಲಿ ಆಡಿ ಪ್ರೆಸ್ಟನ್ 2-1ರಿಂದ ಗೆದ್ದಿತು. ಮರುವರ್ಷ ಸೇನೆಯ ಕರೆ ಬಂತು. ಈಜಿಪ್ಟ್‌ಗೆ ಹೋಗಿ ಬ್ರಿಟನ್ನಿನ ಎಂಟನೇ ಸೇನೆ ಸೇರಿ, ಇಟಲಿಯಲ್ಲಿ ಸ್ಟುವರ್ಟ್ ಟ್ಯಾಂಕ್ ಓಡಿಸಿ, 1945ರ ಏಪ್ರಿಲ್‌ನಲ್ಲಿ ಅರ್ಜೆಂಟಾ ಬಳಿಯ ಕೊನೆಯ ಕದನದಲ್ಲೂ ಭಾಗವಹಿಸಿ ವಾಪಸಾದರು. ಲೀಗಿನಲ್ಲಿ ಮೊದಲ ಪಂದ್ಯ ಆಡಿದ್ದು 1946ರ ಆಗಸ್ಟ್ 31ರಂದು, ಲೀಡ್ಸ್ ಎದುರು. ವಯಸ್ಸು ಇಪ್ಪತ್ತನಾಲ್ಕು. ಆಟಗಾರನ ಕಾಲು ಚುರುಕಾಗಿರುವ ಆರು ವರ್ಷ ಯುದ್ಧಕ್ಕೆ ಹೋಗಿತ್ತು.

ನಾಲ್ಕು ವಾರ ಕಳೆಯುವಷ್ಟರಲ್ಲಿ ಇಂಗ್ಲೆಂಡ್ ತಂಡದಲ್ಲಿದ್ದರು. ಬೆಲ್‌ಫಾಸ್ಟ್‌ನಲ್ಲಿ ಉತ್ತರ ಐರ್ಲೆಂಡ್ ಮೇಲೆ 7-2ರ ಗೆಲುವು, ಅದರಲ್ಲಿ ಫಿನ್ನಿಯದೂ ಒಂದು ಗೋಲು.

ಅವರ ಆಟ ಹೇಗಿತ್ತು? ಹುಟ್ಟಿನಿಂದ ಎಡಗಾಲಿನವರು. ಬಲಗಾಲನ್ನು ಹುಡುಗನಾಗಿದ್ದಾಗಲೇ ಪಟ್ಟುಹಿಡಿದು ಪಳಗಿಸಿದ್ದರು. ಹಾಗಾಗಿ ಎದುರು ನಿಂತ ಡಿಫೆಂಡರ್‌ಗೆ ಪೀಕಲಾಟ: ಹೊರಗಡೆ ಮುಚ್ಚಿದರೆ ಒಳಗೆ ನುಗ್ಗುತ್ತಾರೆ, ಒಳಗೆ ಮುಚ್ಚಿದರೆ ಅಂಚಿನಗುಂಟ ಓಡುತ್ತಾರೆ. ಬಲ ವಿಂಗ್, ಎಡ ವಿಂಗ್, ಕೊನೆಯ ವರ್ಷಗಳಲ್ಲಿ ನಡುವಿನ ಸೆಂಟರ್ ಫಾರ್ವರ್ಡ್, ಎಲ್ಲೇ ನಿಲ್ಲಿಸಿದರೂ ಅಷ್ಟೇ ಸಲೀಸು. ಒದೆತ ತಿಂದರೆ ಎದ್ದು ಮಣ್ಣು ಕೊಡವಿಕೊಂಡು ಆಡುತ್ತಿದ್ದರು. ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ತಪ್ಪಾಟಕ್ಕಾಗಿ ರೆಫರಿಯ ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳಲಿಲ್ಲ. ಪ್ರೆಸ್ಟನ್‌ನಲ್ಲಿ ಅವರ ಜತೆ ಆಡಿ, ಮುಂದೆ ಲಿವರ್‌ಪೂಲ್ ಮ್ಯಾನೇಜರ್ ಆಗಿ ದಂತಕಥೆಯಾದ ಬಿಲ್ ಶ್ಯಾಂಕ್ಲಿ, ಫಿನ್ನಿ ಓವರ್‌ಕೋಟ್ ತೊಟ್ಟುಕೊಂಡು ಆಡಿದರೂ ಯಾವ ಕಾಲದ ಯಾವ ತಂಡದಲ್ಲೂ ಶ್ರೇಷ್ಠನೇ ಎಂದು ಜೀವಮಾನವಿಡೀ ಹೇಳುತ್ತಾ ಬಂದರು.

ಆದರೆ ಬಲ ವಿಂಗ್‌ನಲ್ಲಿ ಆಗಲೇ ಒಬ್ಬರು ಕೂತಿದ್ದರು: ಸ್ಟ್ಯಾನ್ಲಿ ಮ್ಯಾಥ್ಯೂಸ್. ಮ್ಯಾಥ್ಯೂಸೋ ಫಿನ್ನಿಯೋ ಎಂಬುದು ಆ ದಶಕದ ಇಂಗ್ಲೆಂಡಿನ ಪಬ್ಬುಗಳಲ್ಲಿ ಮುಗಿಯದ ಜಗಳ. 1947ರ ಮೇ ತಿಂಗಳಲ್ಲಿ ಲಿಸ್ಬನ್‌ನಲ್ಲಿ ಪೋರ್ಚುಗಲ್ ಎದುರು ಇಬ್ಬರನ್ನೂ ಇಳಿಸಿ ನೋಡಿದರು, ಮ್ಯಾಥ್ಯೂಸ್ ಬಲಕ್ಕೆ, ಫಿನ್ನಿ ಎಡಕ್ಕೆ. ಇಂಗ್ಲೆಂಡ್ 10-0ರಿಂದ ಗೆದ್ದಿತು. ಮರುವರ್ಷ ಟ್ಯೂರಿನ್‌ನಲ್ಲಿ ವಿಶ್ವ ಚಾಂಪಿಯನ್ ಇಟಲಿಯನ್ನು 4-0ರಿಂದ ಮಣಿಸಿದಾಗ ಎರಡು ಗೋಲು ಫಿನ್ನಿಯವು. ಇಟಲಿಯವರು ಅವರನ್ನು ನೆನಪಿಟ್ಟುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಒಟ್ಟು 76 ಅಂತರರಾಷ್ಟ್ರೀಯ ಪಂದ್ಯ, 30 ಗೋಲು. ಆ 30, ನ್ಯಾಟ್ ಲಾಫ್ಟ್‌ಹೌಸ್ ಜತೆ ಹಂಚಿಕೊಂಡ ಅಂದಿನ ಇಂಗ್ಲೆಂಡ್ ದಾಖಲೆ.

ವಿಶ್ವಕಪ್‌ಗಳು ಮಾತ್ರ ಕೈಹಿಡಿಯಲಿಲ್ಲ. 1950ರಲ್ಲಿ ಬ್ರೆಜಿಲ್‌ನ ಬೆಲೊ ಒರಿಝೊಂಚಿಯಲ್ಲಿ ಅಮೆರಿಕದ ಎದುರು 0-1ರಿಂದ ಸೋತ ಆ ಅವಮಾನದ ದಿನ ಫಿನ್ನಿಯೂ ಮೈದಾನದಲ್ಲಿದ್ದರು. 1958ರಲ್ಲಿ ಸ್ವೀಡನ್‌ನಲ್ಲಿ ಸೋವಿಯತ್ ಒಕ್ಕೂಟದ ಎದುರು ಕೊನೆಯ ನಿಮಿಷಗಳಲ್ಲಿ ಪೆನಾಲ್ಟಿ ಹೊಡೆದು 2-2 ಮಾಡಿ, ಅದೇ ಪಂದ್ಯದಲ್ಲಿ ಗಾಯಗೊಂಡು ಹೊರಗುಳಿದರು.

ಹತ್ತಿರ ಬಂದು ಜಾರಿದ್ದು

ಪ್ರೆಸ್ಟನ್ ಪರ ಫಿನ್ನಿ 433 ಲೀಗ್ ಪಂದ್ಯಗಳಲ್ಲಿ 187 ಗೋಲು ಹೊಡೆದರು. ವಿಂಗ್‌ನಲ್ಲಿ ಆಡಿದವರಿಗೆ ಇದು ಅಪಾರ ಸಂಖ್ಯೆ. 1954 ಮತ್ತು 1957ರಲ್ಲಿ 'ವರ್ಷದ ಫುಟ್‌ಬಾಲಿಗ'. ಆ ಪ್ರಶಸ್ತಿಯನ್ನು ಎರಡು ಸಲ ಪಡೆದ ಮೊದಲಿಗರು. ಇಷ್ಟಾಗಿಯೂ ಕೈಗೆ ಬಂದ ಲೀಗ್ ಪದಕವೆಂದರೆ 1951ರಲ್ಲಿ ಎರಡನೇ ವಿಭಾಗ ಗೆದ್ದದ್ದೊಂದೇ, ಅದೂ 1949ರಲ್ಲಿ ಕ್ಲಬ್ ಮೊದಲ ವಿಭಾಗದಿಂದ ಕೆಳಗೆ ಜಾರಿದ್ದರಿಂದ ಮತ್ತೆ ಹತ್ತಿ ಬರಲು.

1952-53 ಇನ್ನೂ ಕಹಿ. ಋತುವಿನ ಕೊನೆಯ ವಾರಗಳಲ್ಲಿ ಪ್ರೆಸ್ಟನ್ ಆರ್ಸೆನಲನ್ನೇ 2-0ರಿಂದ ಸೋಲಿಸಿತು. ತನ್ನ ಕೊನೆಯ ಪಂದ್ಯವನ್ನೂ ಗೆದ್ದು ಮೇಲೇರಿ ಕೂತಿತು. ಎರಡು ದಿನದ ಮೇಲೆ ಆರ್ಸೆನಲ್ ಬರ್ನ್‌ಲಿಯನ್ನು 3-2ರಿಂದ ಸೋಲಿಸಿದಾಗ ಇಬ್ಬರದೂ 54 ಅಂಕ. ಆಗ ಈಗಿನಂತೆ ಗೋಲುಗಳ ವ್ಯತ್ಯಾಸ ನೋಡುತ್ತಿರಲಿಲ್ಲ, ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸುತ್ತಿದ್ದರು. ಆರ್ಸೆನಲ್ 97 ಹೊಡೆದು 64 ಬಿಟ್ಟಿತ್ತು: 1.516. ಪ್ರೆಸ್ಟನ್ 85 ಹೊಡೆದು 60 ಬಿಟ್ಟಿತ್ತು: 1.417. ಒಂದು ಬಿಂದುವಿನ ಹತ್ತನೇ ಒಂದು ಪಾಲಿಗಾಗಿ ಕಿರೀಟ ಲಂಡನ್ನಿಗೆ ಹೋಯಿತು. ಈಗಿನ ಲೆಕ್ಕ ಹಾಕಿದರೂ ಆರ್ಸೆನಲ್ಲೇ ಗೆಲ್ಲುತ್ತಿತ್ತು ಅನ್ನಿ. ಭಾಗಾಕಾರವನ್ನು ಬೈದು ಪ್ರಯೋಜನವಿಲ್ಲ.

ಮರುವರ್ಷ ಎಫ್‌ಎ ಕಪ್ ಫೈನಲ್. ಹಿಂದಿನ ವರ್ಷವಷ್ಟೇ ನೆರೆಯೂರು ಬ್ಲ್ಯಾಕ್‌ಪೂಲ್‌ನ ಪರ ಮೂವತ್ತೆಂಟರ ಮ್ಯಾಥ್ಯೂಸ್ ಅದೇ ಕಪ್ಪನ್ನು 4-3ರ ರೋಚಕ ಪಂದ್ಯದಲ್ಲಿ ಎತ್ತಿದ್ದರು. ಈ ಸಲ ಫಿನ್ನಿಯ ಸರದಿ ಎಂದು ದೇಶವೇ ಕಾಯುತ್ತಿತ್ತು. ಪ್ರೆಸ್ಟನ್ ವೆಸ್ಟ್ ಬ್ರಾಮ್‌ವಿಚ್ ಎದುರು 2-3ರಿಂದ ಸೋತಿತು. ಫಿನ್ನಿ ಆ ದಿನ ಮಂಕಾಗಿ ಆಡಿದರು. 1957-58ರಲ್ಲಿ ಪ್ರೆಸ್ಟನ್ ನೂರು ಗೋಲು ಹೊಡೆದೂ ವುಲ್ವ್ಸ್ ಹಿಂದೆ ಎರಡನೇ ಸ್ಥಾನಕ್ಕೇ ತೃಪ್ತಿಪಟ್ಟಿತು.

ಬೇರೆ ಕ್ಲಬ್ಬಿನಲ್ಲಿದ್ದರೆ ಪದಕಗಳು ಬರುತ್ತಿದ್ದವೇ? ಬಹುಶಃ ಬರುತ್ತಿದ್ದವು.

ಬೇಲಿ ಹಾರಿದವರು

ಫಿನ್ನಿ ಸುಮ್ಮನಾದರು. ಎಲ್ಲರೂ ಸುಮ್ಮನಾಗಲಿಲ್ಲ. ಕೊಲಂಬಿಯಾ ಆಗ ಫಿಫಾದ ಹೊರಗಿದ್ದುದರಿಂದ ಅಲ್ಲಿನ ಕ್ಲಬ್ಬುಗಳು ಯಾರಿಗೂ ವರ್ಗಾವಣೆ ಹಣ ಕೊಡದೆ ಆಟಗಾರರನ್ನು ಎಳೆದುಕೊಳ್ಳುತ್ತಿದ್ದವು. 1950ರಲ್ಲಿ ಇಂಗ್ಲೆಂಡಿನ ಸೆಂಟರ್ ಹಾಫ್ ನೀಲ್ ಫ್ರಾಂಕ್ಲಿನ್ ಬೊಗೋಟಾಗೆ ಹಾರಿದರು, ಮ್ಯಾಂಚೆಸ್ಟರ್ ಯುನೈಟೆಡ್‌ನ ಚಾರ್ಲಿ ಮಿಟನ್ ಕೂಡ. ಫ್ರಾಂಕ್ಲಿನ್‌ಗೆ ಅಲ್ಲಿ ಒಗ್ಗಲಿಲ್ಲ, ಬೇಗನೇ ವಾಪಸಾದರು. ಬಂದವರಿಗೆ ಅಮಾನತು ಕಾದಿತ್ತು, ಇಂಗ್ಲೆಂಡ್ ತಂಡದ ಬಾಗಿಲು ಮತ್ತೆಂದೂ ತೆರೆಯಲಿಲ್ಲ. ಮಿಟನ್ ಒಂದು ಋತು ಆಡಿ ಬಂದು ದಂಡ ಕಟ್ಟಿದರು. ಬೇಲಿ ಹಾರಿದವರ ಗತಿ ಏನೆಂದು ಪಲೆರ್ಮೊ ಕರೆಯುವ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು.

ಕ್ಲಬ್ಬಿಗೇ ದುಡ್ಡು ಬೇಕಾದಾಗ ಮಾತ್ರ ಬೇಲಿಯ ಬಾಗಿಲು ಸಲೀಸಾಗಿ ತೆರೆಯುತ್ತಿತ್ತು. 1957ರಲ್ಲಿ ಲೀಡ್ಸ್ ತನ್ನ ವೇಲ್ಸ್ ದೈತ್ಯ ಜಾನ್ ಚಾರ್ಲ್ಸ್‌ನನ್ನು 65,000 ಪೌಂಡಿಗೆ ಯುವೆಂಟಸ್‌ಗೆ ಮಾರಿತು. ಹಿಂದಿನ ವರ್ಷ ಲೀಡ್ಸ್ ಸ್ಟ್ಯಾಂಡ್ ಬೆಂಕಿಗೆ ಸುಟ್ಟುಹೋಗಿತ್ತು, ಕಟ್ಟಲು ಹಣ ಬೇಕಿತ್ತು. ಫಿನ್ನಿಯ ದುರದೃಷ್ಟಕ್ಕೆ ಡೀಪ್‌ಡೇಲ್‌ಗೆ ಬೆಂಕಿ ಬೀಳಲಿಲ್ಲ.

ತೊಡೆಸಂದಿಯ ಗಾಯ ಕಾಡುತ್ತಿದ್ದ ಫಿನ್ನಿ 1960ರ ಏಪ್ರಿಲ್ 30ರಂದು ಲೂಟನ್ ಎದುರು ಕೊನೆಯ ಲೀಗ್ ಪಂದ್ಯ ಆಡಿದರು. ಆಗಲೂ ಸಂಬಳ ವಾರಕ್ಕೆ 20 ಪೌಂಡ್, ಕಾರ್ಖಾನೆ ಕೆಲಸಗಾರನ ಸರಾಸರಿ 15ರ ಆಸುಪಾಸು. ಒಂಬತ್ತು ತಿಂಗಳೊಳಗೆ ಎಲ್ಲ ತಲೆಕೆಳಗಾಯಿತು.

ಆಟಗಾರರ ಸಂಘದ ಅಧ್ಯಕ್ಷ, ಫುಲಮ್ ಕ್ಲಬ್ಬಿನ ಜಿಮ್ಮಿ ಹಿಲ್, 1961ರ ಜನವರಿ 21ರಂದು ಮುಷ್ಕರ ಎಂದು ಘೋಷಿಸಿದರು. ಅದಕ್ಕೆ ಮುಂಚೆ ಮ್ಯಾಂಚೆಸ್ಟರ್‌ನಲ್ಲಿ ನಡೆದ ಸಭೆಯಲ್ಲಿ ಕೆಳ ವಿಭಾಗದ ಯುವಕನೊಬ್ಬ ಎದ್ದು, ನಮ್ಮಪ್ಪ ಕಲ್ಲಿದ್ದಲು ಗಣಿಯಲ್ಲಿ ದುಡಿದು ನನಗಿಂತ ಕಡಿಮೆ ಪಡೆಯುತ್ತಾನೆ, ನಾವು ಹೆಚ್ಚು ಕೇಳುವುದು ಸರಿಯಲ್ಲ ಅಂದನಂತೆ. ಬೋಲ್ಟನ್ನಿನ ಟಾಮಿ ಬ್ಯಾಂಕ್ಸ್ ಎದ್ದರು. ಬ್ಯಾಂಕ್ಸ್ ಸ್ವತಃ ಗಣಿ ಕೆಲಸ ಕಂಡವರು. ನಿಮ್ಮಪ್ಪನ ಪಾಳಿಯನ್ನು ನಾನು ಮಾಡುತ್ತೇನೆ, ಶನಿವಾರ ಸಾವಿರಾರು ಜನರೆದುರು ಮ್ಯಾಥ್ಯೂಸ್‌ರನ್ನು ತಡೆಯಲು ನಿಮ್ಮಪ್ಪ ಬರಲಿ ಎಂದರು. ಮ್ಯಾಥ್ಯೂಸ್ ಅದೇ ಸಭೆಯಲ್ಲಿ ಕೂತಿದ್ದರು. ಜನವರಿ 18ರಂದು ಲೀಗ್ ಮಣಿಯಿತು, ಅರವತ್ತು ವರ್ಷದ ಮಿತಿ ಬಿದ್ದುಹೋಯಿತು. ಫುಲಮ್‌ನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಸಿಕ್ಕಿತು.

ಮಿತಿ ಹೋಯಿತು, ಬೇಲಿ ಉಳಿದಿತ್ತು. ಅದನ್ನು ಅಲುಗಾಡಿಸಿದ್ದು ಜಾರ್ಜ್ ಈಸ್ಟ್‌ಹ್ಯಾಮ್. 1960ರಲ್ಲಿ ನ್ಯೂಕ್ಯಾಸಲ್ ಜತೆಗಿನ ಕರಾರು ಮುಗಿದಾಗ ಹೊಸದಕ್ಕೆ ಸಹಿ ಹಾಕಲು ಅವರು ಒಪ್ಪಲಿಲ್ಲ, ಅವರನ್ನು ಬಿಡಲು ಕ್ಲಬ್ ಒಪ್ಪಲಿಲ್ಲ. ಆಗ ಆಟ ಬಿಟ್ಟು ದಕ್ಷಿಣಕ್ಕೆ ಹೋಗಿ ಸ್ನೇಹಿತನೊಬ್ಬನ ಬಳಿ ಕಾರ್ಕ್ ಮಾರುವ ಕೆಲಸ ಹಿಡಿದರು. ಕೊನೆಗೆ ನ್ಯೂಕ್ಯಾಸಲ್ 47,500 ಪೌಂಡಿಗೆ ಆರ್ಸೆನಲ್‌ಗೆ ಕೊಟ್ಟಿತು. ಈಸ್ಟ್‌ಹ್ಯಾಮ್ ಅಲ್ಲಿಗೆ ಬಿಡಬಹುದಿತ್ತು, ಸಂಘದ ಬೆಂಬಲದಿಂದ ಕೋರ್ಟಿನಲ್ಲಿ ಮೊಕದ್ದಮೆ ಮುಂದುವರಿಸಿದರು. 1963ರ ಜುಲೈನಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್, ಆಟಗಾರನನ್ನು ಹೀಗೆ ಹಿಡಿದಿಟ್ಟುಕೊಳ್ಳುವುದು ದುಡಿಯುವ ಹಕ್ಕಿಗೆ ಅನ್ಯಾಯದ ತಡೆ ಎಂದು ತೀರ್ಪಿತ್ತರು. ಈ ನ್ಯಾಯಮೂರ್ತಿ, ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಅವರ ವಂಶದವರೇ. ಕರಾರು ಮುಗಿದವನಿಗೆ ಪೂರ್ತಿ ಬಿಡುಗಡೆ ಸಿಗಲು 1995ರಲ್ಲಿ ಬೆಲ್ಜಿಯಂನ ಜ್ಯಾನ್-ಮಾರ್ಕ್ ಬಾಸ್ಮನ್ ಯುರೋಪಿನ ನ್ಯಾಯಾಲಯದಲ್ಲಿ ಗೆಲ್ಲುವ ತನಕ ಕಾಯಬೇಕಾಯಿತು.

ಈಸ್ಟ್‌ಹ್ಯಾಮ್ ತೀರ್ಪು ಬಂದ ವರ್ಷವೇ, ಸೆಪ್ಟೆಂಬರಿನಲ್ಲಿ, ಅವರ ತಂದೆ ಫಿನ್ನಿಗೆ ಫೋನಾಯಿಸಿದರು. ತಂದೆಯ ಹೆಸರೂ ಜಾರ್ಜ್ ಈಸ್ಟ್‌ಹ್ಯಾಮೇ, ಆಗ ಬೆಲ್‌ಫಾಸ್ಟಿನ ಡಿಸ್ಟಿಲರಿ ಕ್ಲಬ್ಬಿನ ಮ್ಯಾನೇಜರ್. ಯುರೋಪಿಯನ್ ಕಪ್‌ನಲ್ಲಿ ಲಿಸ್ಬನ್ನಿನ ಬೆನ್ಫಿಕಾ ಎದುರಾಗಿದೆ, ಬಂದು ಆಡಿಕೊಡಿ ಅಂದರು. ನಿವೃತ್ತರಾಗಿ ಮೂರು ವರ್ಷ ಕಳೆದಿದ್ದ, ನಲವತ್ತೊಂದರ ಪ್ಲಂಬರ್ ಹೋಗಿ ಆಡಿದರು. ಪೋರ್ಚುಗಲ್ ತಾರೆ ಯುಸೇಬಿಯೋ ಇದ್ದ ತಂಡದೆದುರು ಡಿಸ್ಟಿಲರಿ 3-3ರಲ್ಲಿ ಸಮ ಮಾಡಿಕೊಂಡಿತು. ಲಿಸ್ಬನ್‌ನ ಎರಡನೇ ಪಂದ್ಯದಲ್ಲಿ 0-5ರಿಂದ ಸೋತದ್ದು ಬೇರೆ ಮಾತು.

ಯಾರಿಗೆ ನಷ್ಟ, ಯಾರಿಗೆ ಲಾಭ

ಇಷ್ಟು ಹೇಳಿದ ಮೇಲೆ ಹಳೇ ನಿಯಮಗಳು ಶುದ್ಧ ಅನ್ಯಾಯ ಎಂದು ಕೈತೊಳೆದುಕೊಳ್ಳಬಹುದು. ಆದರೆ ಲೆಕ್ಕ ಅಷ್ಟು ಸರಳವಿಲ್ಲ. ಲೀಗ್ ಮುಂದಿಡುತ್ತಿದ್ದ ವಾದ ಒಂದೇ: ಮಿತಿ ತೆಗೆದರೆ ಒಳ್ಳೆಯ ಆಟಗಾರರೆಲ್ಲ ದೊಡ್ಡ ನಗರಗಳ ಪಾಲಾಗುತ್ತಾರೆ, ಸಣ್ಣ ಊರುಗಳು ಸೊರಗುತ್ತವೆ. ಅದು ಧಣಿಗಳ ವಾದವಾಗಿದ್ದರೂ ಸುಳ್ಳಾಗಲಿಲ್ಲ. ಮಿತಿ ಇದ್ದ ಕಾಲದಲ್ಲಿ ಪೋರ್ಟ್ಸ್‌ಮತ್ 1949, 1950ರಲ್ಲಿ ಸತತ ಚಾಂಪಿಯನ್ ಆಗಿತ್ತು, 1960ರಲ್ಲಿ ಪುಟ್ಟ ಗಿರಣಿ ಊರು ಬರ್ನ್‌ಲಿ ಚಾಂಪಿಯನ್ ಆಗಿತ್ತು, ಪ್ರೆಸ್ಟನ್ ಎರಡು ಸಲ ಕೈಚಾಚಿ ಮುಟ್ಟಿತ್ತು. ಆಮೇಲಿನ ದಶಕಗಳಲ್ಲಿ ಲ್ಯಾಂಕಶೈರ್‌ನ ಗಿರಣಿ ಊರುಗಳ ಕ್ಲಬ್ಬುಗಳು ಒಂದೊಂದಾಗಿ ಹಿಂದೆ ಸರಿದವು. 1995ರಲ್ಲಿ ಬ್ಲ್ಯಾಕ್‌ಬರ್ನ್ ಗೆದ್ದದ್ದಕ್ಕೆ ಉಕ್ಕಿನ ವ್ಯಾಪಾರದಲ್ಲಿ ಗಳಿಸಿದ ಊರಿನ ಶ್ರೀಮಂತನೊಬ್ಬನ ಹಣ ಬೇಕಾಯಿತು.

ಪ್ರೆಸ್ಟನ್ ಅಂತೂ ಫಿನ್ನಿ ನಿವೃತ್ತರಾದ ಮರುವರ್ಷವೇ, 1961ರಲ್ಲಿ, ಮೊದಲ ವಿಭಾಗದಿಂದ ಕೆಳಗೆ ಬಿತ್ತು. ಇವತ್ತಿಗೂ ಮೇಲಕ್ಕೆ ಮರಳಿಲ್ಲ. ಅಂದರೆ ಫಿನ್ನಿಯ ಜೇಬಿನಿಂದ ಹೋದದ್ದು ಡೀಪ್‌ಡೇಲ್‌ನ ಮೆಟ್ಟಿಲುಗಳಲ್ಲಿ ನಿಂತು ನೋಡಿದ ಗಿರಣಿ ಕೆಲಸಗಾರರಿಗೆ ಪ್ರತಿ ಎರಡನೇ ಶನಿವಾರ ಸಿಗುತ್ತಿತ್ತು. ಒಬ್ಬನ ಕೈಕಟ್ಟಿ ಒಂದು ಊರಿಗೆ ಹಬ್ಬ ಮಾಡಿಸಿದ ವ್ಯವಸ್ಥೆ ಅದು. ಅದು ತಪ್ಪೆಂದೇ ನನ್ನ ಅಭಿಪ್ರಾಯ, ಕೈಕಟ್ಟಿಸಿಕೊಂಡವನನ್ನು ಕೇಳದೆ ಮಾಡಿದ್ದರಿಂದ. ಆದರೆ ಆ ಹಬ್ಬ ಸುಳ್ಳಾಗಿತ್ತು ಎಂದು ಪ್ರೆಸ್ಟನ್‌ನ ಹಳಬರೆದುರು ಹೇಳುವ ಧೈರ್ಯ ನನಗಿಲ್ಲ.

ಫಿನ್ನಿ ಊರಲ್ಲೇ ಉಳಿದರು. ಪ್ಲಂಬಿಂಗ್ ಸಂಸ್ಥೆ ನಡೆಸಿದರು, ಮ್ಯಾಜಿಸ್ಟ್ರೇಟ್ ಆದರು, ಕ್ಲಬ್ಬಿನ ಅಧ್ಯಕ್ಷಗಿರಿ ವಹಿಸಿಕೊಂಡರು. 1998ರಲ್ಲಿ ಸರ್ ಪದವಿ ಬಂತು. ಮರೆವಿನ ಕಾಯಿಲೆಗೆ ತುತ್ತಾದ ಹೆಂಡತಿ ಎಲ್ಸಿಯನ್ನು ಕೊನೆತನಕ ನೋಡಿಕೊಂಡರು. 2004ರಲ್ಲಿ ಡೀಪ್‌ಡೇಲ್ ಹೊರಗೆ ಅವರ ಪ್ರತಿಮೆ ನಿಂತಿತು: 1956ರಲ್ಲಿ ಚೆಲ್ಸಿ ಮೈದಾನದಲ್ಲಿ ಮಳೆನೀರು ನಿಂತ ಅಂಚಿನಲ್ಲಿ ಇಬ್ಬರು ಡಿಫೆಂಡರ್‌ಗಳನ್ನು ದಾಟಿ ನೀರು ಚಿಮ್ಮಿಸಿಕೊಂಡು ನುಗ್ಗುವಾಗ ತೆಗೆದ ಫೋಟೋದ ಮಾದರಿಯಲ್ಲಿ, ಸುತ್ತ ಕಾರಂಜಿ ಸಮೇತ. 2014ರ ಫೆಬ್ರವರಿ 14ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಪಲೆರ್ಮೊಗೆ ಹೋಗಿದ್ದರೆ ಎರಡು ವರ್ಷ ಮುಗಿಸಿ ಇದೇ ಊರಿಗೇ ಬರುತ್ತಿದ್ದರೆಂದು ನನ್ನ ಊಹೆ, ಆದರೆ ಆಗ ಬೆಳಗಿನ ಅಭ್ಯಾಸ ಮುಗಿಸಿ ಪೈಪು ಜೋಡಿಸಲು ಹೋಗಬೇಕಿರಲಿಲ್ಲ.